ಗೆದ್ದವನೂ ಬಿಡದೆ ಬಂದವನೂ: ಅಮೆರಿಕದ ಸ್ಪ್ರಿಂಟ್ ಕಾರ್ ಓಟದ ಅಂಕಗಳ ಲೆಕ್ಕ

ಒಬ್ಬ ಚಾಲಕ ಶುಕ್ರವಾರ ರಾತ್ರಿ ಓಟ ಗೆದ್ದು ಶನಿವಾರ ಹತ್ತನೆಯವನಾಗಿ ಬಂದ. ಇನ್ನೊಬ್ಬ ಎರಡೂ ರಾತ್ರಿ ಐದನೆಯವನಾಗಿ ಬಂದ. ಅಮೆರಿಕದ ಸ್ಪ್ರಿಂಟ್ ಕಾರ್ ಜಗತ್ತಿನ ಅತಿ ದೊಡ್ಡ ಸರಣಿಯಾದ ವರ್ಲ್ಡ್ ಆಫ್ ಔಟ್‌ಲಾಸ್‌ನ ಅಂಕಪಟ್ಟಿಯಲ್ಲಿ ಇವರಿಬ್ಬರೂ ಸಮಾನರು. ಇಬ್ಬರಿಗೂ 280 ಅಂಕ. ಗೆಲುವಿಗೆ 150, ಎರಡನೆಯ ಸ್ಥಾನಕ್ಕೆ 146, ಮೂರನೆಯದಕ್ಕೆ 144, ಅಲ್ಲಿಂದ ಕೆಳಗೆ ಪ್ರತಿ ಸ್ಥಾನಕ್ಕೂ ಎರಡೆರಡು ಅಂಕ ಕಡಿಮೆ. ಹೀಗೆ ಇಳಿಯುತ್ತ ಹೋದರೆ 24ನೆಯವನಿಗೂ 102 ಅಂಕ ಸಿಗುತ್ತದೆ. ಒಂದು ರಾತ್ರಿ ಗೆದ್ದು ಮರುರಾತ್ರಿ ಕಟ್ಟಕಡೆಯವನಾದವನ ಮೊತ್ತ 252. ಎರಡು ರಾತ್ರಿಯೂ 12ನೆಯ ಸ್ಥಾನದಲ್ಲಿ ಸದ್ದಿಲ್ಲದೆ ಓಟ ಮುಗಿಸಿದವನ ಮೊತ್ತವೂ ಅಷ್ಟೇ.

ಮೊದಲ ಸಲ ಈ ಲೆಕ್ಕ ಕಂಡವರಿಗೆ ಇದು ಅನ್ಯಾಯವೆನಿಸುತ್ತದೆ. ಕೆಸರು ಹಾರಿಸುತ್ತ, ಗೋಡೆಯ ಅಂಚನ್ನು ಸವರುತ್ತ, ಜೀವ ಪಣಕ್ಕಿಟ್ಟು ಗೆದ್ದವನಿಗೂ ಎರಡನೆಯವನಿಗೂ ನಡುವೆ ಬರೀ ನಾಲ್ಕು ಅಂಕ ಅಂತರವೇ? ಹಾಗಾದರೆ ಈ ಪಟ್ಟಿ ಅಳೆಯುತ್ತಿರುವುದು ಏನನ್ನು? ಅರ್ಧ ಶತಮಾನದಿಂದ ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಯಾರು ಚಾಂಪಿಯನ್ ಆದರು, ಯಾರು ಆಗಲಿಲ್ಲ ಎಂಬುದೆಲ್ಲ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಸ್ಪ್ರಿಂಟ್ ಕಾರು ಎಂಥದ್ದೆಂದು ಮೊದಲು ಹೇಳಬೇಕು, ಏಕೆಂದರೆ ಅಂಕಗಳ ವಿಚಾರಕ್ಕೂ ಅದರ ಸ್ವಭಾವಕ್ಕೂ ನಂಟಿದೆ. ಇದು ಒಬ್ಬನೇ ಕೂರುವ, ಹೊರಗೆ ತೆರೆದ ಚಕ್ರಗಳಿರುವ, ಕೊಳವೆಗಳ ಪಂಜರದಂಥ ಪುಟ್ಟ ಗಾಡಿ. ಚಾಲಕ ಸೇರಿ ತೂಕ 650 ಕಿಲೋದ ಆಸುಪಾಸು. ಎಂಜಿನ್ ಮಾತ್ರ 410 ಘನ ಅಂಗುಲದ ವಿ-8. ಮೆಥನಾಲ್ ಕುಡಿದು ಸುಮಾರು 900 ಅಶ್ವಶಕ್ತಿ ಉಗುಳುತ್ತದೆ. ಕ್ಲಚ್ ಇಲ್ಲ, ಗೇರ್ ಬಾಕ್ಸ್ ಇಲ್ಲ, ಸ್ಟಾರ್ಟರ್ ಕೂಡ ಇಲ್ಲ. ಹಿಂದಿನಿಂದ ಒಂದು ಟ್ರಕ್ ತಳ್ಳಿಯೇ ಎಂಜಿನ್ ಹೊತ್ತಿಸಬೇಕು. ಬಲ ಹಿಂಚಕ್ರ ಎಡದ್ದಕ್ಕಿಂತ ದೊಡ್ಡದಾಗಿರುವುದರಿಂದ ಗಾಡಿ ತಾನಾಗಿ ಎಡಕ್ಕೆ ತಿರುಗಲು ಹಾತೊರೆಯುತ್ತದೆ. ತಲೆಯ ಮೇಲೆ 25 ಚದರಡಿಯ ರೆಕ್ಕೆ. 1958ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಜಿಮ್ ಕುಶ್‌ಮನ್ ಇಂಥ ರೆಕ್ಕೆ ಕಟ್ಟಿಕೊಂಡು ಬಂದ ಮೇಲೆ ಈ ಆಟ ಎರಡು ಕವಲಾಯಿತು: ರೆಕ್ಕೆಯ ಕಾರುಗಳು, ರೆಕ್ಕೆ ಇಲ್ಲದ ಕಾರುಗಳು. ವರ್ಲ್ಡ್ ಆಫ್ ಔಟ್‌ಲಾಸ್ ರೆಕ್ಕೆಯ ಪಂಥ. ಯುಸ್ಯಾಕ್ ಎಂಬ ಹಳೆಯ ಸಂಸ್ಥೆಯ ರಾಷ್ಟ್ರೀಯ ಸರಣಿ ರೆಕ್ಕೆ ಇಲ್ಲದ್ದು.

ಒಂದೇ ರಾತ್ರಿಯಲ್ಲಿ ಮೂರ್ನಾಲ್ಕು ಹಂತ ನಡೆಯುತ್ತದೆ. ಮೊದಲು ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ಟೈಮ್ ಟ್ರಯಲ್, ಆಮೇಲೆ ಎಂಟು-ಹತ್ತು ಸುತ್ತಿನ ಹೀಟ್‌ಗಳು, ಅಲ್ಲಿ ಉಳಿದವರಿಗೆ ಕೊನೆಯ ಅವಕಾಶದ ಓಟ, ಕಟ್ಟಕಡೆಗೆ ಸುಮಾರು 24 ಕಾರುಗಳ ಎ ಮೇನ್ ಎಂಬ ಅಂತಿಮ ಓಟ. ಇಡೀ ವರ್ಷದಲ್ಲಿ ಇಂಥ 80-90 ರಾತ್ರಿಗಳು. ಫೆಬ್ರುವರಿಯಲ್ಲಿ ಫ್ಲಾರಿಡಾದಲ್ಲಿ ಶುರುವಾದ ಯಾತ್ರೆ ನವೆಂಬರಿನಲ್ಲಿ ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ ಮುಗಿಯುತ್ತದೆ. ನಡುವೆ ಪೆನ್ಸಿಲ್ವೇನಿಯಾ, ಅಯೋವ, ದಕೋಟಾ, ಕ್ಯಾಲಿಫೋರ್ನಿಯಾ. ಚಾಲಕರು, ಮೆಕ್ಯಾನಿಕ್‌ಗಳು ತಿಂಗಳುಗಟ್ಟಲೆ ಹೆದ್ದಾರಿಯ ಮೇಲೇ ಬಾಳುತ್ತಾರೆ.

ಅಂಕಗಳ ಇತಿಹಾಸ ಈ ಯಾತ್ರೆಗಿಂತ ಹಳೆಯದು. 1915ರಲ್ಲಿ ಹುಟ್ಟಿದ ಇಮ್ಕಾ ಎಂಬ ಸಂಸ್ಥೆ ಮಧ್ಯ ಅಮೆರಿಕದ ಜಾತ್ರೆ ಮೈದಾನಗಳಲ್ಲಿ, ಕುದುರೆ ಓಟಕ್ಕೆಂದು ಕಟ್ಟಿದ ಅರ್ಧ ಮೈಲಿಯ ಹಾದಿಗಳಲ್ಲಿ ಕಾರು ಓಡಿಸಿತು. ಅಯೋವದ ಗಸ್ ಶ್ರೇಡರ್ 1930ರ ದಶಕದಲ್ಲಿ ಅದರ ಚಾಂಪಿಯನ್ ಪಟ್ಟವನ್ನು ಮತ್ತೆ ಮತ್ತೆ ಗೆದ್ದ. 1941ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ಟ್ರ್ಯಾಕ್‌ನಲ್ಲೇ ಸತ್ತ. ಆ ದಿನಗಳ ಫಲಿತಾಂಶಗಳೆಲ್ಲ ನಿಜವಾದ ಪೈಪೋಟಿಯಿಂದ ಬಂದವಲ್ಲ, ಜಾತ್ರೆಯ ಜನರನ್ನು ರಂಜಿಸಲು ಮೊದಲೇ ಗೊತ್ತುಮಾಡಿಕೊಂಡ ಓಟಗಳೂ ಇದ್ದವು ಎಂಬ ಆರೋಪ ಇಮ್ಕಾದ ಬೆನ್ನು ಬಿಡಲಿಲ್ಲ. ಅಂಕಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರೊಳಗೆ ಬರುವ ಫಲಿತಾಂಶ ಪ್ರಾಮಾಣಿಕವಾಗಿರಬೇಕು ಎಂಬ ಮೊದಲ ಪಾಠ ಅಲ್ಲಿಯದು.

ಯುಸ್ಯಾಕ್ ಹುಟ್ಟಿದ್ದು 1955ರಲ್ಲಿ. ಆ ವರ್ಷ ಫ್ರಾನ್ಸಿನ ಲೆ ಮಾನ್ ಕಾರ್ ಓಟದ ದುರಂತ ನಡೆದು, ಅಮೆರಿಕದಲ್ಲೂ ಸಾವುಗಳ ಸರಮಾಲೆಯಾದಾಗ ಅಲ್ಲಿಯವರೆಗೆ ಓಟಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಕೈತೊಳೆದುಕೊಂಡಿತು. ಯುಸ್ಯಾಕ್‌ನ ದೊಡ್ಡ ಕಾರುಗಳ ಚಾಂಪಿಯನ್‌ಷಿಪ್‌ನಲ್ಲಿ ಅಂಕಗಳು ಓಟದ ದೂರಕ್ಕೆ ತಕ್ಕಂತೆ ಇದ್ದವು: ಇಂಡಿಯಾನಾಪೊಲಿಸ್ 500 ಗೆದ್ದವನಿಗೆ 1,000, ನೂರು ಮೈಲಿಯ ಮಣ್ಣಿನ ಓಟ ಗೆದ್ದವನಿಗೆ 200. ಅಂದರೆ ಮೇ ತಿಂಗಳ ಒಂದು ದಿನ ಕೆಟ್ಟರೆ ಉಳಿದ ವರ್ಷವೆಲ್ಲ ಅದರ ಸಾಲ ತೀರಿಸುವುದರಲ್ಲೇ ಕಳೆಯುತ್ತಿತ್ತು. ಸ್ಪ್ರಿಂಟ್ ಕಾರುಗಳಲ್ಲಿ ಬೇರೊಂದು ತೊಡಕಿತ್ತು. ಮೊದಲ ಕೆಲವು ವರ್ಷ ಯುಸ್ಯಾಕ್ ಪೂರ್ವ ವಿಭಾಗಕ್ಕೊಂದು, ಮಧ್ಯಪಶ್ಚಿಮ ವಿಭಾಗಕ್ಕೊಂದು ಪ್ರತ್ಯೇಕ ಪಟ್ಟಿ ಇಟ್ಟಿತ್ತು. 1960ರಲ್ಲಿ ಪೂರ್ವದ ಚಾಂಪಿಯನ್ ಎ. ಜೆ. ಫಾಯ್ಟ್, ಮಧ್ಯಪಶ್ಚಿಮದ ಚಾಂಪಿಯನ್ ಪಾರ್ನೆಲಿ ಜೋನ್ಸ್. ಇಬ್ಬರೂ ಮುಂದೆ ದಂತಕಥೆಗಳಾದವರೇ. ಒಂದೇ ಸಂಸ್ಥೆಯ ಒಂದೇ ಬಗೆಯ ಕಾರಿಗೆ ಇಬ್ಬರು ಚಾಂಪಿಯನ್ನರು ಇರುವುದು ಯಾರಿಗೂ ಒಪ್ಪಿಗೆಯಾಗುವ ಸಂಗತಿಯಲ್ಲ. 1961ರಲ್ಲಿ ಎರಡೂ ಪಟ್ಟಿಗಳನ್ನು ಸೇರಿಸಿ ಒಂದು ರಾಷ್ಟ್ರೀಯ ಪಟ್ಟಿ ಮಾಡಿದರು. ಆ ವರ್ಷವೂ ಮರುವರ್ಷವೂ ಪಾರ್ನೆಲಿ ಜೋನ್ಸ್ ಗೆದ್ದ. ಈ ಪ್ರಸಂಗವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇವತ್ತಿನ ಬಿಕ್ಕಟ್ಟಿಗೆ ಅದು ಬೇಕಾಗುತ್ತದೆ.

1970ರ ದಶಕದಲ್ಲಿ ಯಾವ ಸಂಸ್ಥೆಯ ಹಂಗಿಗೂ ಬೀಳದೆ, ಎಲ್ಲಿ ಹೆಚ್ಚು ಬಹುಮಾನವೋ ಅಲ್ಲಿಗೆ ಗಾಡಿ ಕಟ್ಟಿಕೊಂಡು ಹೋಗುವ ಚಾಲಕರ ಒಂದು ತಂಡವೇ ಬೆಳೆದಿತ್ತು. ಅವರನ್ನು ಔಟ್‌ಲಾಗಳೆಂದು ಕರೆಯುತ್ತಿದ್ದರು. ಟೆಡ್ ಜಾನ್ಸನ್ ಎಂಬಾತ ಈ ಅಲೆಮಾರಿಗಳನ್ನು ಒಂದು ದಾರಕ್ಕೆ ಪೋಣಿಸಿದ. 1978ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಮೆಸ್ಕೀಟ್ ಊರಿನ ಡೆವಿಲ್ಸ್ ಬೌಲ್ ಸ್ಪೀಡ್‌ವೇಯಲ್ಲಿ ಮೊದಲ ಓಟ. ಗೆದ್ದವನು ಜಿಮ್ಮಿ ಬಾಯ್ಡ್. ಜಾನ್ಸನ್‌ಗೆ ಬೇಕಾಗಿದ್ದುದೇನು ಎಂಬುದನ್ನು ಅರ್ಥ ಮಾಡಿಕೊಂಡರೆ ಅಂಕಗಳ ಒಗಟು ಬಿಡುತ್ತದೆ. ಯಾವುದೋ ಊರಿನ ಟ್ರ್ಯಾಕ್ ಮಾಲೀಕ ಮಂಗಳವಾರ ರಾತ್ರಿಗೆ ಟಿಕೆಟ್ ಮಾರಿರುತ್ತಾನೆ. ಗೋಡೆಪತ್ರದಲ್ಲಿ ಹೆಸರು ಅಚ್ಚಾದ ಚಾಲಕರೆಲ್ಲ ಅಂದು ಬರಲೇಬೇಕು. ಸೋತರೂ ಬರಬೇಕು, ಹಿಂದಿನ ರಾತ್ರಿ ಕಾರು ಮುರಿದಿದ್ದರೂ ರಿಪೇರಿ ಮಾಡಿಕೊಂಡು ಬರಬೇಕು. ಅದಕ್ಕೆ ಉಪಾಯವೇ ಇಡೀ ವರ್ಷದ ಅಂಕಪಟ್ಟಿ, ವರ್ಷದ ಕೊನೆಯಲ್ಲಿ ಅಂಕಗಳಿಗೆ ತಕ್ಕಂತೆ ಹಂಚುವ ಹಣ. ಗೆಲುವಿಗೂ ಸೋಲಿಗೂ ಅಂತರ ಕಡಿಮೆ, ಬಂದವನಿಗೂ ಬಾರದವನಿಗೂ ಅಂತರ ಬೆಟ್ಟದಷ್ಟು. ಗೆದ್ದವನು ಕೊನೆಯವನಿಗಿಂತ 48 ಅಂಕ ಮುಂದಿದ್ದರೆ, ಕೊನೆಯವನು ಮನೆಯಲ್ಲಿ ಕುಳಿತವನಿಗಿಂತ ನೂರಕ್ಕೂ ಹೆಚ್ಚು ಅಂಕ ಮುಂದಿರುತ್ತಾನೆ. ಅತಿ ವೇಗದವನನ್ನು ಹುಡುಕಲು ಕಟ್ಟಿದ ಪಟ್ಟಿ ಇದಲ್ಲ. ಇದು ಮಾತಿಗೆ ತಪ್ಪದವನನ್ನು ಹುಡುಕುವ ಪಟ್ಟಿ. ಸರಣಿಗೆ ವರ್ಷವಿಡೀ ಬದ್ಧನಾದ ಚಾಲಕ ಒಂದು ರಾತ್ರಿ ಅರ್ಹತೆ ಗಳಿಸದಿದ್ದರೂ ಪ್ರೊವಿಷನಲ್ ಎಂಬ ಹೆಸರಿನಲ್ಲಿ ಅಂತಿಮ ಓಟದ ಕೊನೆಯ ಸಾಲಿನಲ್ಲಿ ಜಾಗ ಕೊಡುವುದೂ ಇದೇ ಕಾರಣಕ್ಕೆ.

ಈ ಪಟ್ಟಿಯ ಮೊದಲ ಒಡೆಯ ಇಂಡಿಯಾನಾದ ಸ್ಟೀವ್ ಕಿನ್ಸರ್. 1978ರ ಮೊದಲ ಪಟ್ಟದಿಂದ 2005ರವರೆಗೆ 20 ಸಲ ಚಾಂಪಿಯನ್. ಔಟ್‌ಲಾಗಳ ರಾಜನೆಂದೇ ಹೆಸರು. ಕಿನ್ಸರ್ ಬರೀ ಸ್ಥಿರತೆಯಿಂದ ಗೆದ್ದವನಲ್ಲ. 500ಕ್ಕೂ ಹೆಚ್ಚು ಗೆಲುವುಗಳು ಅವನ ಹೆಸರಲ್ಲಿವೆ. ಕಾರಿನ ಮಾಲೀಕನೂ ಮೆಕ್ಯಾನಿಕ್ಕನೂ ಆದ ಕಾರ್ಲ್ ಕಿನ್ಸರ್ ಜೊತೆಗಿದ್ದ ಕಾಲದಲ್ಲಿ ಅವರ 11ನೇ ನಂಬರಿನ ಕಾರು ಪಿಟ್‌ಗೆ ಬಂತೆಂದರೆ ಉಳಿದವರು ಎರಡನೆಯ ಸ್ಥಾನದ ಲೆಕ್ಕ ಹಾಕುತ್ತಿದ್ದರು. 1995ರಲ್ಲಿ ಅವನು ಸ್ಟಾಕ್ ಕಾರ್ ಓಟಗಳ ನಾಸ್ಕಾರ್‌ಗೆ ಹೋದ. ಅಲ್ಲಿ ಐದೇ ಓಟಗಳಲ್ಲಿ ಆ ಪ್ರಯೋಗ ಮುಗಿಯಿತು. ಆ ವರ್ಷದ ಔಟ್‌ಲಾಸ್ ಪಟ್ಟ ಒಹಾಯೊದ ಡೇವ್ ಬ್ಲೇನಿಗೆ ಹೋಯಿತು. ಮರುವರ್ಷ ಕಾರ್ಲ್‌ನ ಮಗ ಮಾರ್ಕ್ ಕಿನ್ಸರ್‌ಗೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಕಾರ್ಲ್ ಕಿನ್ಸರ್. ಅಂಕಪಟ್ಟಿಯಲ್ಲಿ ಬರೆಯುವುದು ಚಾಲಕನ ಹೆಸರನ್ನು. 90 ರಾತ್ರಿಗಳಲ್ಲಿ ಎಂಜಿನ್ ಕೈಕೊಡದಂತೆ, ಟಾರ್ಷನ್ ಬಾರ್ ಮುರಿಯದಂತೆ, ಟ್ರ್ಯಾಕಿನ ತೇವ ಆರುತ್ತಿದ್ದಂತೆ ಟೈರು ಬದಲಿಸುವಂತೆ ನೋಡಿಕೊಂಡವನ ಹೆಸರು ಅಲ್ಲಿ ಇರುವುದಿಲ್ಲ. ಆದರೆ ವರ್ಷದ ಅಂಕಪಟ್ಟಿ ನಿಜವಾಗಿ ಅಳೆಯುವುದು ಅವನನ್ನೇ.

ಅಂಕಗಳು ಆಟದ ರೀತಿಯನ್ನೇ ಬದಲಿಸುತ್ತವೆ ಎಂಬುದು ರಣಜಿ ಟ್ರೋಫಿ ನೋಡುವ ಕನ್ನಡಿಗರಿಗೆ ಹೊಸತಲ್ಲ. ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಗೆ ಮೂರು ಅಂಕ ಎಂದು ನಿಯಮವಿದ್ದರೆ, ಗೆಲುವಿನ ಆಸೆ ಬಿಟ್ಟು ಮುನ್ನಡೆಗಾಗಿ ಎರಡು ದಿನ ಬ್ಯಾಟ್ ಮಾಡುವ ತಂಡಗಳು ಹುಟ್ಟುತ್ತವೆ. ಸ್ಪ್ರಿಂಟ್ ಕಾರಿನಲ್ಲೂ ಹಾಗೆಯೇ. ಅಕ್ಟೋಬರಿನಲ್ಲಿ ಪಟ್ಟಿಯ ಮೇಲ್ತುದಿಯಲ್ಲಿರುವವನು ಮೂರನೆಯ ಸ್ಥಾನದಲ್ಲಿ ಓಡುವಾಗ ಮುಂದಿನವನನ್ನು ಹಿಂದಿಕ್ಕಲು ಒಂದು ಕಿಂಡಿ ಕಂಡಿತೆನ್ನಿ. ನುಗ್ಗಿದರೆ ಸಿಗುವುದು ಎರಡು ಅಂಕ. ಚಕ್ರಕ್ಕೆ ಚಕ್ರ ತಾಗಿ ಉರುಳಿದರೆ ಕಳೆಯುವುದು 40ರಷ್ಟು ಅಂಕ. ಅವನು ನುಗ್ಗದಿದ್ದರೆ ಅದು ಹೇಡಿತನವಲ್ಲ, ಲೆಕ್ಕ.

ನಾಸ್ಕಾರ್ ಇದೇ ಲೆಕ್ಕಕ್ಕೆ ಹೆದರಿ ಬೇರೆ ದಾರಿ ಹಿಡಿಯಿತು. ಅಲ್ಲಿ 1975ರಿಂದ ಬಾಬ್ ಲ್ಯಾಟ್‌ಫರ್ಡ್ ರೂಪಿಸಿದ ಪದ್ಧತಿ ಇತ್ತು: ಗೆಲುವಿಗೆ 175, ಎರಡನೆಯದಕ್ಕೆ 170. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ಒಂದು ಓಟ ಗೆದ್ದು ಚಾಂಪಿಯನ್ ಆದ. ಎಂಟು ಓಟ ಗೆದ್ದ ರಯನ್ ನ್ಯೂಮನ್‌ಗೆ ಪಟ್ಟ ಸಿಗಲಿಲ್ಲ. ಗದ್ದಲವಾಯಿತು. ಮರುವರ್ಷವೇ ಕೊನೆಯ ಹತ್ತು ಓಟಗಳಿಗೆ ಅಂಕಗಳನ್ನು ಹೊಸದಾಗಿ ಹೊಂದಿಸುವ ಚೇಸ್ ಬಂತು. 2014ರಲ್ಲಿ ಅದು ಕೊನೆಯ ಒಂದೇ ಓಟದಲ್ಲಿ ನಾಲ್ವರ ನಡುವೆ ಪಟ್ಟ ತೀರ್ಮಾನವಾಗುವ ನಾಕೌಟ್ ಆಯಿತು. ವರ್ಲ್ಡ್ ಆಫ್ ಔಟ್‌ಲಾಸ್ ಆ ಹಾದಿ ತುಳಿಯಲಿಲ್ಲ. ಮೊದಲ ರಾತ್ರಿಯ ಅಂಕಕ್ಕೂ ಕೊನೆಯ ರಾತ್ರಿಯ ಅಂಕಕ್ಕೂ ಅಲ್ಲಿ ಬೆಲೆ ಒಂದೇ. ಇದು ಸರಿಯಾದ ನಿಲುವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹತ್ತು ತಿಂಗಳು ಹೆದ್ದಾರಿಯಲ್ಲಿ ಬೆವರು ಸುರಿಸಿದವನ ಪಟ್ಟವನ್ನು ಕೊನೆಯ ಓಟದ ಒಂದು ಟೈರಿಗೆ ಒಪ್ಪಿಸುವುದು ಕ್ರೌರ್ಯ.

ಆದರೆ ಈ ಪಟ್ಟಿ ಕಾಣದೆ ಬಿಟ್ಟವರ ಸಾಲೂ ದೊಡ್ಡದೇ. ಸೌತ್ ದಕೋಟಾದ ಡಗ್ ವುಲ್ಫ್‌ಗ್ಯಾಂಗ್ ಈ ಆಟದ ಅತಿ ಶ್ರೇಷ್ಠರಲ್ಲಿ ಒಬ್ಬ. ಅಯೋವದ ನಾಕ್ಸ್‌ವಿಲ್ ನ್ಯಾಷನಲ್ಸ್ ಎಂಬ ದೊಡ್ಡ ಓಟವನ್ನು ಐದು ಸಲ ಗೆದ್ದ. ಕಿನ್ಸರ್‌ನನ್ನು ಕಣ್ಣಿಗೆ ಕಣ್ಣಿಟ್ಟು ಎದುರಿಸಿದವನು. ಔಟ್‌ಲಾಸ್ ಚಾಂಪಿಯನ್ನರ ಪಟ್ಟಿಯಲ್ಲಿ ಅವನ ಹೆಸರಿಲ್ಲ. 1992ರಲ್ಲಿ ಕ್ಯಾನ್ಸಸ್‌ನ ಲೇಕ್‌ಸೈಡ್ ಟ್ರ್ಯಾಕಿನ ಅಪಘಾತದಲ್ಲಿ ಬೆಂಕಿಗೆ ಸಿಕ್ಕಿ ತೀವ್ರವಾಗಿ ಸುಟ್ಟುಕೊಂಡ. ಜ್ಯಾಕ್ ಹಾಡನ್‌ಶಿಲ್ಡ್ ಕೂಡ ಅಷ್ಟೇ. ಗೋಡೆಗೆ ಅಂಟಿಕೊಂಡಂತೆ ಹೊರ ಅಂಚಿನಲ್ಲಿ ಓಡುವ ಅವನನ್ನು ನೋಡಲೆಂದೇ ಜನ ಬರುತ್ತಿದ್ದರು, ವೈಲ್ಡ್ ಚೈಲ್ಡ್ ಎಂದು ಕೂಗುತ್ತಿದ್ದರು. 2003ರಲ್ಲಿ ಎಲ್ಡೋರಾ ಟ್ರ್ಯಾಕಿನ ಮೊಪಾರ್ ಮಿಲಿಯನ್ ಓಟ ಗೆದ್ದ. ಪಟ್ಟ ಮಾತ್ರ ಅವನ ಪಾಲಿಗೆ ಬರಲಿಲ್ಲ. ಈಗ ಅವನ ಮಗ ಶೆಲ್ಡನ್ ಅದೇ ಸರಣಿಯಲ್ಲಿ ಓಡುತ್ತಿದ್ದಾನೆ. ಇನ್ನು ಮಧ್ಯ ಪೆನ್ಸಿಲ್ವೇನಿಯಾದಲ್ಲಿ ಪಾಸೀ ಎಂದು ಕರೆಸಿಕೊಳ್ಳುವ ಸ್ಥಳೀಯ ಚಾಲಕರ ಒಂದು ಪರಂಪರೆಯೇ ಇದೆ. ವಿಲಿಯಮ್ಸ್ ಗ್ರೋವ್, ಲಿಂಕನ್, ಪೋರ್ಟ್ ರಾಯಲ್ ಟ್ರ್ಯಾಕುಗಳ ಮಣ್ಣಿನ ಸ್ವಭಾವ ಅಂಗೈ ಗೆರೆಯಷ್ಟು ಗೊತ್ತಿರುವವರು. ಫ್ರೆಡ್ ರಾಮರ್, ಲ್ಯಾನ್ಸ್ ಡೂವೀಸ್ ಅಂಥವರು ರಾಷ್ಟ್ರೀಯ ಯಾತ್ರೆಗೆ ಅಂಟಿಕೊಳ್ಳಲಿಲ್ಲ. ಔಟ್‌ಲಾಗಳು ತಮ್ಮೂರಿಗೆ ಬಂದ ರಾತ್ರಿ ಮಾತ್ರ ಅವರನ್ನು ಸೋಲಿಸಿ ಕಳಿಸುತ್ತಿದ್ದರು. ಆ ರಾತ್ರಿಗಳಲ್ಲಿ ವಿಲಿಯಮ್ಸ್ ಗ್ರೋವ್‌ನ ಗ್ಯಾಲರಿಯಲ್ಲಿ ಕುಳಿತವರಿಗೆ ರಾಷ್ಟ್ರೀಯ ಅಂಕಪಟ್ಟಿಯಿಂದ ಆಗಬೇಕಾದ್ದು ಏನೂ ಇರುವುದಿಲ್ಲ.

ನಮ್ಮ ಕಾಲದಲ್ಲಿ ಈ ಸಾಲಿನ ಮೊದಲ ಹೆಸರು ಕೈಲ್ ಲಾರ್ಸನ್. 2021ರ ನಾಸ್ಕಾರ್ ಕಪ್ ಚಾಂಪಿಯನ್. ಅದರ ನಡುವೆ ಬಿಡುವು ಸಿಕ್ಕ ರಾತ್ರಿಗಳಲ್ಲಿ ಸ್ಪ್ರಿಂಟ್ ಕಾರು ಏರಿ 2021, 2023, 2024ರ ನಾಕ್ಸ್‌ವಿಲ್ ನ್ಯಾಷನಲ್ಸ್ ಗೆದ್ದ. ಈ ಪೀಳಿಗೆಯ ಅತಿ ಪ್ರತಿಭಾವಂತ ಮಣ್ಣಿನ ಚಾಲಕ ಯಾರೆಂದು ಪಿಟ್‌ನಲ್ಲಿ ಕೇಳಿದರೆ ಹೆಚ್ಚಿನವರು ಅವನ ಹೆಸರನ್ನೇ ಹೇಳುತ್ತಾರೆ. ಆದರೂ ಅವನು ಯಾವ ರಾಷ್ಟ್ರೀಯ ಸ್ಪ್ರಿಂಟ್ ಕಾರ್ ಸರಣಿಯ ಅಂಕಗಳ ಬೆನ್ನು ಹತ್ತಿದವನಲ್ಲ, ಹತ್ತಲು ಅವನಿಗೆ ರಾತ್ರಿಗಳೇ ಸಾಲುವುದಿಲ್ಲ.

ನಾಕ್ಸ್‌ವಿಲ್ ಎಂದೆ. ಅಯೋವದ ಆ ಪುಟ್ಟ ಊರಿನ ಅರ್ಧ ಮೈಲಿಯ ಕರಿಮಣ್ಣಿನ ಟ್ರ್ಯಾಕ್‌ನಲ್ಲಿ 1961ರಿಂದ ನಡೆದುಬಂದಿರುವ ಆಗಸ್ಟ್ ತಿಂಗಳ ನ್ಯಾಷನಲ್ಸ್ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಅಂಕಗಳ ಬಳಕೆ ಇನ್ನೆಲ್ಲಿಗಿಂತಲೂ ಜಾಣತನದ್ದು. ವರ್ಷದ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿನ ಅಂಕಗಳು ಒಂದೇ ವಾರ ಬದುಕುತ್ತವೆ. ಪ್ರತಿ ಚಾಲಕನೂ ಶನಿವಾರಕ್ಕೆ ಮುಂಚಿನ ಒಂದು ಅರ್ಹತಾ ರಾತ್ರಿ ಓಡುತ್ತಾನೆ. ಅಂದು ಟೈಮ್ ಟ್ರಯಲ್‌ನಲ್ಲಿ ಗರಿಷ್ಠ 200, ಹೀಟ್‌ನಲ್ಲಿ 100, ಆ ರಾತ್ರಿಯ ಅಂತಿಮ ಓಟದಲ್ಲಿ 200, ಒಟ್ಟು 500 ಅಂಕ ಲಭ್ಯ. ಟೈಮ್ ಟ್ರಯಲ್‌ನಲ್ಲಿ ಅತಿ ವೇಗವಾಗಿ ಓಡಿದವನನ್ನು ಹೀಟ್‌ನಲ್ಲಿ ಹಿಂದಿನ ಸಾಲಿಗೆ ತಳ್ಳುತ್ತಾರೆ. ಅಲ್ಲಿಂದ ಕೆಲವೇ ಸುತ್ತುಗಳಲ್ಲಿ ಮುಂದೆ ಬಂದರಷ್ಟೇ ಹೀಟ್‌ನ ಅಂಕ ಉಳಿಯುತ್ತದೆ. ಹಾಗಾಗಿ ಇಲ್ಲಿ ವೇಗವೊಂದೇ ಸಾಲದು, ಇತರರನ್ನು ದಾಟುವ ಕಲೆಯೂ ಬೇಕು. ಎರಡನ್ನೂ ತೋರಿಸಿದವರು ಶನಿವಾರದ 50 ಸುತ್ತಿನ ಫೈನಲ್‌ನ ಮುಂದಿನ ಸಾಲುಗಳಲ್ಲಿ ನಿಲ್ಲುತ್ತಾರೆ. ಅಲ್ಲಿಗೆ ಅಂಕಗಳ ಕೆಲಸ ಮುಗಿಯಿತು. ಗೆದ್ದವನೇ ಗೆದ್ದವನು. ಕಿನ್ಸರ್ ಇದನ್ನು 12 ಸಲ ಗೆದ್ದ, ನಾರ್ತ್ ದಕೋಟಾದ ಡಾನಿ ಶಾಟ್ಸ್ 11 ಸಲ. 2016ರಲ್ಲಿ ಗೆದ್ದ ಜೇಸನ್ ಜಾನ್ಸನ್ ಎರಡು ವರ್ಷದ ನಂತರ ವಿಸ್ಕಾನ್ಸಿನ್‌ನ ಬೀವರ್ ಡ್ಯಾಮ್ ಟ್ರ್ಯಾಕ್‌ನ ಅಪಘಾತದಲ್ಲಿ ತೀರಿಕೊಂಡ. ಸ್ಪ್ರಿಂಟ್ ಕಾರ್ ಹಾಲ್ ಆಫ್ ಫೇಮ್ ಇರುವುದೂ ಈ ಟ್ರ್ಯಾಕಿನ ಮಗ್ಗುಲಲ್ಲೇ.

ಯುಸ್ಯಾಕ್‌ನ ರೆಕ್ಕೆ ಇಲ್ಲದ ಓಟಗಳಲ್ಲೂ ಹಿಂದುಮುಂದು ಮಾಡುವ ಈ ಕ್ರಮ ಅಂತಿಮ ಓಟದವರೆಗೂ ಹೋಗುತ್ತದೆ. ಟೈಮ್ ಟ್ರಯಲ್‌ನ ಮೊದಲ ಆರು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುವುದು ಅಲ್ಲಿನ ವಾಡಿಕೆ. ಯುಸ್ಯಾಕ್ ಒಂದೇ ಬಗೆಯ ಗಾಡಿಯಲ್ಲಿ ನಿಪುಣರಾದವರಿಗಿಂತ ಯಾವ ಗಾಡಿ ಕೊಟ್ಟರೂ ಓಡಿಸುವವರನ್ನು ಮೆಚ್ಚುವ ಸಂಸ್ಥೆ. 1995ರಲ್ಲಿ ಟೋನಿ ಸ್ಟೂವರ್ಟ್ ಯುಸ್ಯಾಕ್‌ನ ಮಿಜೆಟ್, ಸ್ಪ್ರಿಂಟ್, ಸಿಲ್ವರ್ ಕ್ರೌನ್ ಎಂಬ ಮೂರು ಬಗೆಯ ಕಾರುಗಳ ಪಟ್ಟಗಳನ್ನೂ ಒಂದೇ ವರ್ಷ ಗೆದ್ದ, 2003ರಲ್ಲಿ ಜೆ. ಜೆ. ಯೇಲಿ ಅದನ್ನು ಮತ್ತೆ ಸಾಧಿಸಿದ. ಕೆಲವು ವರ್ಷ ಯುಸ್ಯಾಕ್ ಮೂರೂ ಸರಣಿಗಳ ಅಂಕ ಕೂಡಿಸಿ ಒಬ್ಬ ರಾಷ್ಟ್ರೀಯ ಚಾಲಕ ಚಾಂಪಿಯನ್ನನನ್ನು ಆರಿಸಿತು. ಅದನ್ನು ಗೆದ್ದ ಬ್ರಯನ್ ಕ್ಲಾಸನ್‌ಗೆ ಇಂಡಿಯಾನಾಪೊಲಿಸ್‌ನ ಬಾಗಿಲು ತೆರೆಯಿತು, 2012ರಲ್ಲಿ ಅವನು ಇಂಡಿ 500 ಓಡಿದ. ಬಡ ಮಣ್ಣಿನ ಟ್ರ್ಯಾಕಿನಿಂದ ದೊಡ್ಡ ವೇದಿಕೆಗೆ ಅಂಕಗಳೇ ಏಣಿಯಾದ ಒಳ್ಳೆಯ ಉದಾಹರಣೆ ಅದು. 2016ರ ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನ ಬೆಲ್‌ವಿಲ್‌ನಲ್ಲಿ ಮಿಜೆಟ್ ಓಟದ ಅಪಘಾತದಿಂದ ಕ್ಲಾಸನ್ ಸತ್ತಾಗ ಅವನಿಗೆ 27 ವರ್ಷ. ಆ ವರ್ಷ 200 ಓಟ ಓಡುವ ಸಂಕಲ್ಪ ಮಾಡಿದ್ದ.

ಸಾವಿನ ನೆರಳು ಈ ಆಟದ ನಿಯಮಪುಸ್ತಕದೊಳಗೂ ಬಂದಿದೆ. 1990ರ ಜುಲೈನಲ್ಲಿ ಇಂಡಿಯಾನಾದ ಸೇಲಂ ಸ್ಪೀಡ್‌ವೇಯಲ್ಲಿ ರಿಚ್ ವೋಗ್ಲರ್ ಯುಸ್ಯಾಕ್ ಸ್ಪ್ರಿಂಟ್ ಓಟದ ಮುಂಚೂಣಿಯಲ್ಲಿದ್ದ. ಓಟ ಮುಗಿಯಲು ಇನ್ನೇನು ಒಂದೆರಡು ಸುತ್ತು ಬಾಕಿ ಇರುವಾಗ ಅವನ ಕಾರು ಗೋಡೆಗೆ ಅಪ್ಪಳಿಸಿತು; ಅವನು ಉಳಿಯಲಿಲ್ಲ. ಕೆಂಪು ಬಾವುಟ ಬಿದ್ದ ಓಟವನ್ನು ಮುಂದುವರಿಸದಿದ್ದರೆ ಪೂರ್ಣಗೊಂಡ ಹಿಂದಿನ ಸುತ್ತಿನ ಕ್ರಮವೇ ಫಲಿತಾಂಶ. ನಿಯಮದ ಪ್ರಕಾರ ಆ ಓಟದ ವಿಜೇತ ವೋಗ್ಲರ್.

ವರ್ಷವಿಡೀ ಕೂಡಿಸುವ ಪದ್ಧತಿ ಬೇಸರ ತರಿಸುತ್ತದೆ, ಆಗಸ್ಟ್ ಹೊತ್ತಿಗೇ ಪಟ್ಟ ನಿಶ್ಚಯವಾಗಿಬಿಡುತ್ತದೆ ಎಂಬ ದೂರು ಹಳೆಯದು. ಶಾಟ್ಸ್ 2006ರಿಂದ 2018ರ ನಡುವೆ ಹತ್ತು ಸಲ ಗೆದ್ದ ಕಾಲದಲ್ಲಿ ಅದು ಸುಳ್ಳೂ ಆಗಿರಲಿಲ್ಲ. ಆದರೆ 2019ನ್ನು ನೋಡಿ. ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯ ಬ್ರ್ಯಾಡ್ ಸ್ವೀಟ್ ಮತ್ತು ಶಾಟ್ಸ್ ಇಬ್ಬರೂ ಷಾರ್ಲಟ್‌ನ ಕೊನೆಯ ಓಟದವರೆಗೆ ಕೈಗೆ ಕೈ ಹಿಡಿದಂತೆ ಬಂದರು. ಎಲ್ಲ ರಾತ್ರಿಗಳ ಲೆಕ್ಕ ಮುಗಿದಾಗ ಸ್ವೀಟ್ ನಾಲ್ಕು ಅಂಕ ಮುಂದಿದ್ದ. ಸರಣಿಯ ಇತಿಹಾಸದಲ್ಲೇ ಅತಿ ಕಿರಿದಾದ ಅಂತರ. ನಾಲ್ಕು ಅಂಕವೆಂದರೆ ಒಂದು ರಾತ್ರಿ ಮೊದಲನೆಯವನಾಗುವುದಕ್ಕೂ ಎರಡನೆಯವನಾಗುವುದಕ್ಕೂ ಇರುವ ವ್ಯತ್ಯಾಸ, ಅಷ್ಟೇ. ಶಾಟ್ಸ್ ಆ ವರ್ಷ ಎರಡನೆಯವನಾಗಿ ಮುಗಿಸಿದ ಒಂದು ರಾತ್ರಿಯನ್ನು ಗೆದ್ದಿದ್ದರೆ ಇಬ್ಬರೂ ಸಮ. ಯಾವ ನಾಕೌಟ್ ಪದ್ಧತಿಯೂ ಇಂಥ ಕೊನೆಯನ್ನು ಕೃತಕವಾಗಿ ತಯಾರಿಸಲಾರದು. ಹತ್ತು ತಿಂಗಳ ಪ್ರತಿಯೊಂದು ಸ್ಥಾನಕ್ಕೂ ಬೆಲೆ ಇತ್ತೆಂಬುದು ಅಂದು ಗೊತ್ತಾಯಿತು. ಸ್ವೀಟ್ ಮುಂದೆ 2023ರವರೆಗೆ ಸತತ ಐದು ವರ್ಷ ಗೆದ್ದ.

ಆಮೇಲೆ ಒಡಕು. 2022ರಲ್ಲಿ ಲಾರ್ಸನ್ ಮತ್ತು ಅವನ ಹೆಂಡತಿಯ ಅಣ್ಣನಾದ ಸ್ವೀಟ್ ಸೇರಿ ಹೈ ಲಿಮಿಟ್ ಎಂಬ ಹೊಸ ಸರಣಿ ಆರಂಭಿಸಿದ್ದರು. ಮೊದಲು ವಾರದ ನಡುವಿನ ಕೆಲವೇ ರಾತ್ರಿಗಳು. 2023ರ ಕೊನೆಗೆ ಅವರು ಟೋನಿ ಸ್ಟೂವರ್ಟ್‌ನಿಂದ ಆಲ್ ಸ್ಟಾರ್ ಸರ್ಕಿಟ್ ಆಫ್ ಚಾಂಪಿಯನ್ಸ್ ಎಂಬ ಸರಣಿಯನ್ನು ಕೊಂಡು, 2024ರಲ್ಲಿ ಪೂರ್ಣ ರಾಷ್ಟ್ರೀಯ ಯಾತ್ರೆಯಾಗಿ ಹೊರಟರು. ಹಿಂದೆ ಇದ್ದುದು ಹಣದ ತಕರಾರು: ಇಂಟರ್ನೆಟ್ ಪ್ರಸಾರದಿಂದ ಬರುವ ಆದಾಯದಲ್ಲಿ ತಂಡಗಳಿಗೆ ಪಾಲು ಎಷ್ಟು? ಔಟ್‌ಲಾಸ್‌ನ ಓಟಗಳು ಅದರ ಒಡೆಯರದೇ ಆದ ಡರ್ಟ್‌ವಿಷನ್‌ನಲ್ಲಿ ಬರುತ್ತವೆ, ಹೈ ಲಿಮಿಟ್‌ನವು ಫ್ಲೋರೇಸಿಂಗ್‌ನಲ್ಲಿ. ತಂಡಗಳಿಗೆ ಪೈಪೋಟಿಯಿಂದ ಲಾಭವಾಯಿತು. ಎರಡೂ ಕಡೆ ಬಹುಮಾನ ಏರಿತು. ಗೋಲಿ ಸೋಡಾ ಬೆಲೆಗೆ ದುಡಿದು ದಣಿದಿದ್ದ ಕಾರು ಮಾಲೀಕರ ಪರವಾಗಿ ಯಾರಾದರೂ ದನಿ ಎತ್ತಲೇಬೇಕಿತ್ತು. ಆ ಮಟ್ಟಿಗೆ ಹೈ ಲಿಮಿಟ್ ಮಾಡಿದ್ದು ಒಳ್ಳೆಯದೇ.

ಆದರೆ ಅಂಕಪಟ್ಟಿ? 2024ರಲ್ಲಿ ಸ್ವೀಟ್ ಹೈ ಲಿಮಿಟ್‌ನ ಚಾಂಪಿಯನ್. ಔಟ್‌ಲಾಸ್‌ನ ಚಾಂಪಿಯನ್ ಕನೆಕ್ಟಿಕಟ್‌ನ ಡೇವಿಡ್ ಗ್ರೇವಲ್. ಹಿಂದಿನ ವರ್ಷಗಳಲ್ಲಿ ಸ್ವೀಟ್‌ನ ಹಿಂದೆಯೇ ಎರಡನೆಯವನಾಗಿ ಉಳಿದಿದ್ದವನು ಈ ಗ್ರೇವಲ್. ಅವನ ಗೆಲುವಿಗೆ ಕುಂದು ಹುಡುಕುವುದು ತಪ್ಪು, ತನ್ನ ಮುಂದಿದ್ದ ಎಲ್ಲರನ್ನೂ ಅವನು ಸೋಲಿಸಿದ. 2025ರಲ್ಲಿ ಮತ್ತೆ ಗೆದ್ದು ತೋರಿಸಿದ. ಆದರೂ ಐದು ಸಲದ ಚಾಂಪಿಯನ್ ಬೇರೆ ಕಡೆ ಓಡುತ್ತಿರುವಾಗ ಬಂದ ಪಟ್ಟ ಎಂಬ ಮಾತು ಅವನ ಕಿವಿಗೆ ಬೀಳದೆ ಇರದು. ಸ್ವೀಟ್‌ಗೂ ಅದೇ ಮಾತು ಅನ್ವಯಿಸುತ್ತದೆ. 2006ರಲ್ಲಿ ಹೀಗೆಯೇ ಆಗಿತ್ತು. ಫ್ರೆಡ್ ಬ್ರೌನ್‌ಫೀಲ್ಡ್ ಕಟ್ಟಿದ ನ್ಯಾಷನಲ್ ಸ್ಪ್ರಿಂಟ್ ಟೂರ್‌ಗೆ ಕಿನ್ಸರ್ ಮೊದಲಾದ ಘಟಾನುಘಟಿಗಳು ಹೊರಟುಹೋದರು. ಅಲ್ಲಿ ಡ್ಯಾನಿ ಲಸೋಸ್ಕಿ ಚಾಂಪಿಯನ್ ಆದ. ಔಟ್‌ಲಾಸ್‌ನಲ್ಲಿ ಉಳಿದ ಶಾಟ್ಸ್ ತನ್ನ ಮೊದಲ ಪಟ್ಟ ಗೆದ್ದ. ಬ್ರೌನ್‌ಫೀಲ್ಡ್ ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಟ್ರ್ಯಾಕ್ ಒಂದರಲ್ಲಿ ಕಾರು ಬಡಿದು ಸತ್ತ, ಹೊಸ ಸರಣಿ ಒಂದೇ ವರ್ಷಕ್ಕೆ ಮುಚ್ಚಿತು. ಶಾಟ್ಸ್‌ನ ಮೊದಲ ಪಟ್ಟದ ಮೇಲಿದ್ದ ಪ್ರಶ್ನೆಯನ್ನು ಅವನ ಮುಂದಿನ ಒಂಬತ್ತು ಪಟ್ಟಗಳು ಅಳಿಸಿದವು. ಈ ಸಲ ಒಡಕು ಒಂದು ವರ್ಷಕ್ಕೆ ಮುಗಿಯಲಿಲ್ಲ. ಎರಡೂ ಕಡೆ ಹಣದ ಬಲವಿದೆ.

ಹೀಗಾಗಿ ಇವತ್ತು ಸ್ಪ್ರಿಂಟ್ ಕಾರ್‌ನ ಪ್ರಶ್ನೆ ಗೆಲುವಿಗೆ ಎಷ್ಟು ಅಂಕ ಎಂಬುದಲ್ಲ, ಯಾರ ಜೊತೆ ಓಡಿ ಗಳಿಸಿದ ಅಂಕ ಎಂಬುದು. ಆದರೂ ಮೊದಲನೆಯದಕ್ಕೂ ನನ್ನದೊಂದು ಉತ್ತರವಿದೆ. ಗೆಲುವಿಗೂ ಎರಡನೆಯ ಸ್ಥಾನಕ್ಕೂ ನಡುವಿನ ನಾಲ್ಕು ಅಂಕ ಕಡಿಮೆಯೇ. ಅದನ್ನು ಹತ್ತು ಮಾಡಿದರೆ ಅಕ್ಟೋಬರಿನಲ್ಲಿ ಎರಡನೆಯ ಸ್ಥಾನದಲ್ಲಿ ಓಡುವವನಿಗೆ ಅಂಥ ಕಿಂಡಿಯಲ್ಲಿ ನುಗ್ಗಲು ಒಂದು ಕಾರಣ ಸಿಗುತ್ತದೆ, ಬಿಡದೆ ಬರುವವನ ಮಾನವೂ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಕೈಯಾಡಿಸುವ ಅಗತ್ಯವಿಲ್ಲ. ಪ್ಲೇಆಫ್ ಬೇಡವೇ ಬೇಡ.

ಎರಡನೆಯದಕ್ಕೆ ದಾರಿ ಇವರ ಚರಿತ್ರೆಯಲ್ಲೇ ಇದೆ. 1960ರಲ್ಲಿ ಫಾಯ್ಟ್ ಒಂದು ಕಡೆ, ಜೋನ್ಸ್ ಇನ್ನೊಂದು ಕಡೆ ಚಾಂಪಿಯನ್ ಆಗಿದ್ದಾಗ ಯುಸ್ಯಾಕ್ ಒಂದೇ ಚಳಿಗಾಲದಲ್ಲಿ ಪಟ್ಟಿಗಳನ್ನು ಕೂಡಿಸಿತು. ಈಗಿನ ಎರಡು ಸರಣಿಗಳಿಗೆ ಒಡೆಯರು ಬೇರೆ, ಪ್ರಸಾರದ ಒಪ್ಪಂದಗಳು ಬೇರೆ. ಪೂರ್ತಿ ಒಂದಾಗುವುದು ಸದ್ಯಕ್ಕೆ ಆಗದ ಮಾತು. ಆದರೆ ಎರಡೂ ಕಡೆಯ ಚಾಲಕರು ಒಟ್ಟಿಗೆ ಓಡುವ ನಾಕ್ಸ್‌ವಿಲ್‌ನಂಥ ದೊಡ್ಡ ಓಟಗಳನ್ನು ಇಬ್ಬರೂ ತಮ್ಮ ತಮ್ಮ ಪಟ್ಟಿಯಲ್ಲಿ ಒಂದೇ ತೂಕದಲ್ಲಿ ಎಣಿಸಬಹುದು; ವರ್ಷದ ಕೊನೆಗೆ ಇಬ್ಬರು ಚಾಂಪಿಯನ್ನರೂ ಒಂದೇ ಟ್ರ್ಯಾಕಿನಲ್ಲಿ ಎದುರಾಗುವ ಕೆಲವು ರಾತ್ರಿಗಳನ್ನು ಗೊತ್ತುಮಾಡಬಹುದು. ಇದಕ್ಕೆ ಯಾರೂ ತಮ್ಮ ಪ್ರಸಾರದ ಹಕ್ಕು ಬಿಟ್ಟುಕೊಡಬೇಕಾಗಿಲ್ಲ. ಗ್ರೇವಲ್‌ಗೂ ಸ್ವೀಟ್‌ಗೂ ಅವರ ಮೆಕ್ಯಾನಿಕ್‌ಗಳಿಗೂ ಅಷ್ಟು ಸಲ್ಲಬೇಕಾದ್ದೇ. ಎರಡೂ ಸರಣಿಗಳ ಒಡೆಯರು ಕೂತು ಮಾತಾಡಲಿ.